ಸತ್ತ ತಂತಿ ಹೊಡೆದ ಏಟು

ನನ್ನ ತಮ್ಮ ಏಣಿಯಿಂದ ಬಿದ್ದ ದಿನ ಫ್ಯೂಸ್ ಪೆಟ್ಟಿಗೆಯ ಕಾವಲಿಗೆ ನಿಂತಿದ್ದವರು ನಮ್ಮವರು, ಅಂದರೆ ನನ್ನ ಗಂಡ. ನನ್ನ ನಿದ್ದೆ ಹಾಳಾಗಲು ಅಷ್ಟೇ ಸಾಕಾಯಿತು.

ಇಬ್ಬರೂ ವಿದ್ಯುತ್ ತಂತಿಯ ಕೆಲಸದವರು. ಅನುಭವ ನಮ್ಮವರದು, ಮೇಸ್ತ್ರಿ ಪಟ್ಟ ತಮ್ಮನದು. ಅವನಿಗೆ ಆ ಪಟ್ಟ ಸಿಕ್ಕಿದಂದಿನಿಂದ ನಮ್ಮವರ ಮುಖ ಗಂಟೇ. ತಮ್ಮ ಊಟಕ್ಕೆ ಬಂದರೆ, "ಮೇಸ್ತ್ರಿಗಳಿಗೆ ಮೊದಲು ಬಡಿಸು" ಎನ್ನುವ ಕೊಂಕು ಬೇರೆ.

ಕಂಬದ ಕೆಲಸಕ್ಕೆ ಹತ್ತುವವನು ಫ್ಯೂಸ್ ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳುವುದು ಅವರ ಪದ್ಧತಿ. ಫ್ಯೂಸ್ ಜೇಬಿನಲ್ಲಿದ್ದರೆ ತಂತಿ ಸತ್ತ ಹಾಗೆ. ಪಂಪ್ ಮನೆಗೆ ಹೋಗುವ ತಂತಿ ರಿಪೇರಿಗೆ ತಮ್ಮ ಹಾಗೇ ಮಾಡಿದ್ದ. ಕರೆಂಟ್ ಉಳಿದಿದ್ದರೆ ಮಣ್ಣಿಗಿಳಿಯಲೆಂದು ದೂರದ ಪಂಪ್ ಮನೆಯ ತುದಿಯನ್ನು ನೆಲಕ್ಕೂ ಜೋಡಿಸಿ ಬಂದಿದ್ದ. ಆದರೂ ಈ ತುದಿ ಮುಟ್ಟಿದ ಕೂಡಲೇ ಶಾಕ್ ಹೊಡೆಯಿತು. ಬಿದ್ದು ಕೈ ಮುರಿದುಕೊಂಡ.

"ಫ್ಯೂಸ್ ನನ್ನ ಜೇಬಲ್ಲೇ ಇತ್ತು ಅಕ್ಕ. ಯಾರಾದ್ರೂ ಇನ್ನೊಂದು ಸಿಕ್ಕಿಸದೇ ಕರೆಂಟ್ ಎಲ್ಲಿಂದ ಬರುತ್ತೆ?" ಎಂದ. ಭಾವನ ಹೆಸರೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಅಂಗಿ ಒಗೆಯುವ ನೆಪದಲ್ಲಿ ನಮ್ಮವರ ಜೇಬು ತಡಕಿದೆ. ಅವರ ಕೆಲಸದ ಚೀಲವನ್ನೂ ಜಾಲಾಡಿದಾಗ ತಳದಲ್ಲಿ ಒಂದು ಬಿಡಿ ಫ್ಯೂಸ್ ಸಿಕ್ಕಿತು. ಕರೆಂಟ್ ಕೆಲಸದವರ ಚೀಲದಲ್ಲಿ ಫ್ಯೂಸ್ ಇರದೆ ಬದನೆಕಾಯಿ ಇರುತ್ತದೆಯೇ ಎಂದುಕೊಂಡರೂ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅವರು ಹೊಟ್ಟೆ ತುಂಬ ಉಂಡರೆ, ಎಂಥ ಕಲ್ಲೆದೆ ಅನ್ನಿಸುವುದು. ಅರ್ಧಕ್ಕೆ ಎದ್ದರೆ, ತಪ್ಪು ಮಾಡಿದವರಿಗೆ ಅನ್ನ ಇಳಿದೀತೇ ಅನ್ನಿಸುವುದು.

"ಸಾಹೇಬ್ರಿಗೆ ಹೇಳಿದ್ರೆ ಭಾವನ ಕೆಲಸ ಹೋಗುತ್ತೆ. ಹೇಳೋಕೆ ಮುಂಚೆ ನಾನೇ ಪರೀಕ್ಷೆ ಮಾಡ್ತೀನಿ, ನೀನೂ ಬಾ" ಎಂದ ತಮ್ಮ, ಕೈ ಕೂಡಿ ಕಟ್ಟು ಬಿಚ್ಚಿದ ಮೇಲೆ.

ಎಲ್ಲವನ್ನೂ ಆ ದಿನದಂತೆಯೇ ಜೋಡಿಸಿದ. ಕಿತ್ತ ಫ್ಯೂಸ್ ನನ್ನ ಕೈಗಿಟ್ಟು, ಪೆಟ್ಟಿಗೆಯ ಮುಂದೆ ನನ್ನನ್ನೇ ನಿಲ್ಲಿಸಿದ. ಅವನು ಹೇಳಿದಂತೆ ನಮ್ಮವರು ದೂರದ ಗೇಟಿನ ಬಳಿ ಕೈಕಟ್ಟಿ ನಿಂತರು. ತಮ್ಮ ರಬ್ಬರ್ ಗವಸು ತೊಟ್ಟು ತಂತಿಗೆ ಮೀಟರ್ ಹಚ್ಚಿದ. ಮುಳ್ಳು ಸ್ವಲ್ಪವೇ ಅಲುಗಿತು. ಅಷ್ಟರಲ್ಲಿ ಪಕ್ಕದ ಗಿರಣಿಯ ಸೈರನ್ ಕೂಗಿ ಯಂತ್ರಗಳು ಶುರುವಾದವು. ಮುಳ್ಳು ಸರ್ರನೆ ಏರಿತು.

"ಪೆಟ್ಟಿಗೆ ಹತ್ರ ಯಾರೂ ಬಂದಿಲ್ಲ ಕಣೋ!" ಎಂದು ಕೂಗಿದೆ.

ತಮ್ಮ ತಲೆಯೆತ್ತಿ ನೋಡಿದ. ಅದೇ ಕಂಬಗಳ ಮೇಲೆ, ಉದ್ದಕ್ಕೂ ಪಕ್ಕದಲ್ಲೇ, ಗಿರಣಿಯ ತಂತಿ ಹೋಗಿತ್ತು.

"ಕಾರಣ ಅದೇ ಅಕ್ಕ! ಅದರಲ್ಲಿ ಕರೆಂಟ್ ಹರಿದಾಗ ಸುತ್ತ ಕಾಂತಕ್ಷೇತ್ರ ಏಳುತ್ತೆ, ದಿಕ್ಕು ಬದಲಿಸ್ತಾನೇ ಇರುತ್ತೆ. ಆ ಏರಿಳಿತಾನೇ ಪಕ್ಕದ ತಂತೀಲಿ ವೋಲ್ಟೇಜ್ ಹುಟ್ಟಿಸುತ್ತೆ, ಮುಟ್ಟದೇನೇ. ಗಿರಣಿ ಹೆಚ್ಚು ಕರೆಂಟ್ ಎಳೆದಷ್ಟೂ ಇದೂ ಹೆಚ್ಚು, ಆ ದಿನಾನೂ ಗಿರಣಿ ನಡೀತಿತ್ತು. ಆ ತುದಿ ನೆಲಕ್ಕೆ ಜೋಡಿಸಿದ್ರೆ ಸಾಲದು, ನಾನು ಮುಟ್ಟೋ ಕಡೇನೂ ಜೋಡಿಸ್ಬೇಕಿತ್ತು."

ಈ ತುದಿಯನ್ನೂ ನೆಲಕ್ಕೆ ಜೋಡಿಸಿದ. ಮುಳ್ಳು ಬಿತ್ತು. ಓಡಿಹೋಗಿ ನಮ್ಮವರ ಕೈ ಹಿಡಿದ. "ತಪ್ಪಾಯ್ತು ಭಾವ."

"ಬಿಡೋ. ಸಾವಿನ ಬಾಯಿಂದ ಬಂದೋನು ನೀನು. ನಾನಾಗಿದ್ರೂ ಹಾಗೇ ಅಂದ್ಕೋತಿದ್ದೆ."

ನನಗೆ ಹೋದ ಜೀವ ಬಂದಂತಾಯಿತು. ಮನೆಯ ದಾರಿಯಲ್ಲಿ ಸಲಿಗೆಯಿಂದ, "ನೀವು ಅಂಥೋರಲ್ಲ ಅಂತ ನಂಗೊತ್ತಿತ್ತು" ಎಂದೆ.

ಅವರು ನಿಂತರು. "ಗೊತ್ತಿದ್ದೋಳು, 'ನೀವೇನಾದ್ರೂ ಮಾಡಿದ್ರಾ' ಅಂತ ನನ್ನನ್ನ ಒಂದು ಸಲಾನೂ ಯಾಕೆ ಕೇಳ್ಲಿಲ್ಲ?"

ಹೌದು ಎಂದುಬಿಟ್ಟರೆ ಏನು ಗತಿ ಎಂದು ಹೆದರಿದ್ದೆ. ಅದನ್ನು ಅವರ ಮುಖ ನೋಡಿ ಹೇಳುವುದು ಹೇಗೆ?