ಅಣ್ಣನ ದವಡೆಯ ಕಲ್ಲು

ನಮ್ಮಣ್ಣನಿಗೆ ಕಲ್ಲು ನೆಕ್ಕುವ ಚಟ. ಒರಟು ಕಲ್ಲಿನ ಮೈ ಮಸುಕಾಗಿರುತ್ತದೆ, ಒದ್ದೆ ಮಾಡಿದರೇ ಒಳಗಿನ ಬಿರುಕು, ಬಣ್ಣ ಕಾಣುವುದು. ಪಕ್ಕದಲ್ಲೇ ನೀರಿನ ಬಟ್ಟಲಿದೆ, ಅದರಲ್ಲಿ ಅದ್ದಿದರೆ ಇವನ ಗಂಟೇನು ಹೋಗುತ್ತದೆ? ಇಲ್ಲ, ನಾಲಿಗೆಯೇ ಆಗಬೇಕು. ಮನಸ್ಸಿಗೆ ಹಿಡಿಸಿದ ಕಲ್ಲನ್ನಂತೂ ಬಲದವಡೆಗೆ ಒತ್ತರಿಸಿಕೊಂಡು, ಅದನ್ನು ಹೇಗೆ ಕತ್ತರಿಸುವುದೆಂದು ದಿನಗಟ್ಟಲೆ ಯೋಚಿಸುತ್ತಾನೆ. ಅವನು ಕತ್ತರಿಸಿದ್ದಕ್ಕೆ ಹೊಳಪು ಕೊಡುವವಳು ನಾನು. ಇಪ್ಪತ್ತು ವರ್ಷದಿಂದ ಬಾಯಿ ಬಡಿದುಕೊಂಡಿದ್ದೇನೆ, ಕಿವಿಗೆ ಹಾಕಿಕೊಂಡವನಲ್ಲ.

ಆ ಸಲ ವ್ಯಾಪಾರಿ ನಲವತ್ತು ಪುಷ್ಯರಾಗ ತಂದ. ಅಂಗೈಯಗಲದ ಡಬ್ಬಿ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಒಳಗೆಲ್ಲ ದಪ್ಪ ಸೀಸ. ಒಂದೊಂದನ್ನೇ ಚಿಮಟದಿಂದ ತೆಗೆದು ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರ ಹೋಗಿ ನಿಂತ. ಅವನು ಹೋದ ಮೇಲೆ, ಕಲ್ಲು ತಂದಿದ್ದಾನೋ ಚೇಳು ತಂದಿದ್ದಾನೋ ಎಂದು ಅಣ್ಣ ನಕ್ಕು, ಎಲ್ಲಕ್ಕಿಂತ ದೊಡ್ಡದನ್ನು ನೆಕ್ಕಿ ದವಡೆಗೆ ಸೇರಿಸಿದ.

ನನಗೆ ನಗು ಬರಲಿಲ್ಲ. ನೆಲದಾಳದ ಕಾವಿನಲ್ಲಿ ಯುಗಗಟ್ಟಲೆ ಬೆಂದು, ಚೂರು ಕಬ್ಬಿಣ ಬೆರೆತು ಹಳದಿಯಾಗುವ ಕಲ್ಲು ಇದು. ಒಂದು ನಿಂಬೆಯ ಬಣ್ಣಕ್ಕಿದ್ದರೆ ಇನ್ನೊಂದು ಜೇನಿನ ಬಣ್ಣಕ್ಕಿರಬೇಕು. ಇಲ್ಲಿ ನಲವತ್ತೂ ಒಂದೇ ಹಳದಿ. ಒಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ಹದಿನೈದು ದಿನದಲ್ಲಿ ಅದು ಬಿಳಚಿಕೊಂಡಿತು. ನೆಲ ಕೊಟ್ಟ ಬಣ್ಣ ಹಾಗೆ ಓಡಿಹೋಗುವುದಿಲ್ಲ.

ಅಷ್ಟರಲ್ಲಿ ಅಣ್ಣ ಎಡಗಡೆಯಿಂದಷ್ಟೇ ಅಗಿಯತೊಡಗಿದ್ದ. ಕೇಳಿದರೆ ಬಾಯಿಹುಣ್ಣು, ಹೋಗುತ್ತೆ ಬಿಡು ಎಂದ. ನನಗೆ ಒಳಗೊಳಗೇ ಭಯ ಹತ್ತಿತು.

ವ್ಯಾಪಾರಿಗೆ ಫೋನ್ ಮಾಡಿ ಚೆನ್ನಾಗಿ ಜಾಡಿಸಿದೆ. ಬಣ್ಣ ಬರಲೆಂದು ಕಲ್ಲುಗಳಿಗೆ ಯಾವುದೋ ಯಂತ್ರದಲ್ಲಿ ವಿಕಿರಣ ಹಾಯಿಸಿದ್ದರಂತೆ. ಅದರ ವಿಷ ಇಳಿಯುವವರೆಗೆ, ವರ್ಷವಾದರೂ ಸರಿ, ಡಬ್ಬಿಯಿಂದ ತೆಗೆಯಬಾರದಿತ್ತಂತೆ. ಗಿರಾಕಿಗೆ ಅವಸರವಿತ್ತಂತೆ.

"ಅದನ್ನ ಆಗಲೇ ಹೇಳೋಕೆ ಏನು ಧಾಡಿ ನಿಮಗೆ?"



"ಯಾರೂ ಬಾಯಿಗೆ ಹಾಕ್ಕೊಂಡಿಲ್ಲ ತಾನೆ?" ಎಂದು ಅವನು ಕೇಳಿದ.

ಫೋನ್ ಅಲ್ಲೇ ಬಿಸಾಕಿ ಓಡಿದೆ. ಅಣ್ಣ ಸಾಣೆಚಕ್ರದ ಮುಂದೆ ಕೂತಿದ್ದ. ಬಲಗೆನ್ನೆ ಉಬ್ಬಿತ್ತು.

"ಉಗಿ ಅಣ್ಣ ಅದನ್ನ. ಈಗಲೇ ಉಗಿ," ಎಂದು ಅವನ ಬಾಯಿಯ ಕೆಳಗೆ ಅಂಗೈ ಒಡ್ಡಿದೆ.

ನನ್ನ ಮುಖ ನೋಡಿ ಅವನು ಎದುರಾಡಲಿಲ್ಲ. ಕಲ್ಲು ಅಂಗೈಗೆ ಬಿತ್ತು. ಬಿಸಿಲು ಕಾಣದ ಅದರ ಹಳದಿ ಒಂದಿಷ್ಟೂ ಮಾಸಿರಲಿಲ್ಲ. ಅದರ ಹಿಂದೆಯೇ ಒಂದು ಹಲ್ಲು ಬಿತ್ತು, ಬೇರಿನ ಸಮೇತ.

ಅಣ್ಣ ಖಾಲಿಯಾದ ಜಾಗವನ್ನು ನಾಲಿಗೆಯಿಂದ ತಡವಿಕೊಂಡ.

"ನೋವೇ ಆಗ್ಲಿಲ್ಲ ಕಣೇ," ಎಂದ.