ಮೋವಾ ಹೊದ್ದ ಶಾಲು

"ಕಾಲ ಕಡೆ ಇನ್ನೂ ಸ್ವಲ್ಪ ಎಳೀರಿ. ಹಾಂ, ಹಾಗೆ. ನಮ್ಮ ಶಾಲು ಅಂದ್ರೆ ಸಾಕಾಗಿ ಮಿಗಬೇಕು," ಎನ್ನುತ್ತ ತಮಾತಿ ಮುದುಕ ತೆರೆದ ಶವಪೆಟ್ಟಿಗೆಯ ಮೇಲೆ ಗರಿಯ ಶಾಲು ಹರಡಿಸುತ್ತಿದ್ದ.

ಪೆಟ್ಟಿಗೆಯ ಬಲಕ್ಕೆ ಚಾಪೆಯ ಮೇಲೆ ಕೂತಿದ್ದ ಮೆರೆಯಾನಾ ತುಟಿ ಬಿಗಿಹಿಡಿದು ನೋಡಿದಳು. ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವಳ ತಂಗಿ ಪರೆಕುರಾ. ಮೂರು ದಿನದಿಂದ ಸಭಾಮನೆಯಲ್ಲಿ ತನ್ನ ಜನರ ನಡುವೆ ಮಲಗಿದ್ದಳು. ಇವತ್ತು ಮಧ್ಯಾಹ್ನ ಮಣ್ಣು. ತಮಾತಿ ಅವಳ ಗಂಡನ ಅಣ್ಣ, ನದಿಯ ಮೇಲಿನ ಊರಿನವನು. ಶಾಲು ತಂದದ್ದು ಮರ್ಯಾದೆಗೇ, ಬೇಡವೆನ್ನುವ ಹಾಗಿಲ್ಲ. ಆದರೆ ಇಡೀ ಹೊಳೆಸಾಲಿನಲ್ಲಿ ಗರಿ ನೇಯುವುದಕ್ಕೆ ಹೆಸರಾದದ್ದು ತಮ್ಮ ಮನೆ. ಆ ಮನೆಯ ಮಗಳು ಪರರ ಶಾಲಿನಡಿಯಲ್ಲಿ ಹೋಗುವುದೆ? ಅವ್ವ ನೇಯ್ದವು ಕೆಲವು ಅವಳ ಜೊತೆಗೇ ಮಣ್ಣು ಸೇರಿದ್ದವು, ಉಳಿದವು ಉಡುಗೊರೆಯಾಗಿ ದೂರದೂರದ ಮನೆಗಳಿಗೆ ಹೋಗಿದ್ದವು. ಈಗ ಪೆಟಾರಿ ತೆಗೆದರೆ ಕರ್ಪೂರದ ವಾಸನೆ ಮಾತ್ರ.

ತಮಾತಿ ಊರುಗೋಲು ಕುಟ್ಟಿ, ವಾಡಿಕೆಯಂತೆ ಸತ್ತವಳ ಮುಖ ನೋಡುತ್ತ ಅವಳೊಡನೆಯೇ ಮಾತಿಗಿಳಿದ.

"ಏ ಪರೆಕುರಾ, ಕೇಳಿಸ್ಕೊ. ನೀನು ಸುಟ್ಟ ಹಾವುಮೀನು ಒಂದು ಕಡೆ ಹಸಿ, ಒಂದು ಕಡೆ ಕರಿ. ಅದನ್ನೇ ತಿಂದ್ಕೊಂಡು ನನ್ನ ತಮ್ಮ ನಿನ್ನ ಬಿಟ್ಟು ಕದಲಲಿಲ್ಲ, ಏನು ಮದ್ದು ಹಾಕಿದ್ಯೋ! ನಿಮ್ಮವ್ವ ಅಂಥಾ ನೇಯ್ಗೆಯವಳು. ನೀನು ಮಾಂಸದ ಕಾರ್ಖಾನೇಲಿ ಕುರಿ ಕೊಯ್ದೆ, ಆಮೇಲೆ ಮ್ಯೂಸಿಯಮ್ಮಲ್ಲಿ ಸತ್ತ ಹಕ್ಕಿ ಕಾದೆ. ನಿನಗೇ ಅಂತ ಒಂದು ಶಾಲು ಮುಗಿಸಬಾರದಿತ್ತಾ ತಾಯಿ? ಹೋಗ್ಲಿ, ನಮ್ಮದು ಹೊದ್ಕೊ. ಬೆಚ್ಚಗಿರು."

ಜನ ನಕ್ಕರು, ಕಣ್ಣೊರೆಸಿಕೊಂಡರು. ಮೆರೆಯಾನಾ ನಗಲಿಲ್ಲ.

ಪರೆಕುರಾಳ ಮಗಳು ಪಾನಿಯಾ ಕಿವಿಯ ಹತ್ತಿರ ಬಾಗಿದಳು. "ದೊಡ್ಡಮ್ಮ, ಅವ್ವ ಒಂದು ಮುಗಿಸಿದ್ಲಲ್ಲ."

"ಯಾವುದೇ?"

"ಮೋವಾದ ಮೈಮೇಲಿರೋದು."

ಮೆರೆಯಾನಾ ಮುಖ ತಿರುಗಿಸಿದಳು. "ಹಕ್ಕಿ ಬಟ್ಟೆ!"

*

ಇಪ್ಪತ್ತು ವರ್ಷದ ಹಿಂದೆಯೂ ಇದೇ ಮಾತು ಅಂದಿದ್ದಳು. ಆಗ ಪರೆಕುರಾಳ ಅಡುಗೆಮನೆ ಮೇಜಿನ ಮೇಲೆ ಎಮು ಗರಿಯ ಮೂಟೆಯೊಂದು ಬಾಯಿಬಿಟ್ಟುಕೊಂಡು ಕೂತಿತ್ತು, ಕೆಟಲ್ಲಿಡಲೂ ಜಾಗವಿರಲಿಲ್ಲ.

ಊರ ಮ್ಯೂಸಿಯಮ್ಮಿನಲ್ಲಿ ಅಳಿದುಹೋದ ಪ್ರಾಣಿಗಳ ಕೋಣೆಯನ್ನು ಹೊಸದಾಗಿ ಕಟ್ಟುತ್ತಿದ್ದರು. ಒಂದು ಗೋಡೆಗೆ ದೈತ್ಯ ಹದ್ದಿನ ಮೂಳೆ, ಗಾಜಿನೊಳಗೆ ಹೂಯಾ ಹಕ್ಕಿಯ ಜೋಡಿ, ಬಾಗಿಲ ಬಳಿ ಇನ್ನೂ ಅಷ್ಟಿಷ್ಟು ಉಳಿದುಕೊಂಡಿರುವ ಹಾರಲಾರದ ಗಿಣಿಯ ಚಿತ್ರ. ನಡುವೆ ಮೋವಾ: ರೆಕ್ಕೆಯೇ ಇಲ್ಲದ, ಆಳಿಗಿಂತ ಎತ್ತರದ ಹಕ್ಕಿ. ತಲೆ, ಕುತ್ತಿಗೆ ತಯಾರಾಗಿತ್ತು. ಮೈ ಇನ್ನೂ ಬರೀ ಮರ ಮತ್ತು ತಂತಿ.

"ಗರಿ ಅಂಟಿಸ್ತಾರಂತೆ ಅಕ್ಕ, ಗೋಂದು ಹಾಕಿ! ನೋಡೋಕಾಗಲಿಲ್ಲ. ಕೊಡಿ ಇಲ್ಲಿ, ನಾನು ನೇಯ್ತೀನಿ ಅಂದೆ."

"ಮನುಷ್ಯರಿಗೆ ನೇಯಿ ಅಂದ್ರೆ ಪುರುಸೊತ್ತಿಲ್ಲ ಅಂತಿದ್ದೆ. ಈಗ ಹಕ್ಕಿ ಬಟ್ಟೆ ನೇಯ್ತೀಯಾ, ಹಕ್ಕಿಗೆ ಚಡ್ಡಿ? ಅವ್ವ ಇದ್ದಿದ್ರೆ ಕೋಲು ತಗೊಳ್ತಿದ್ಲು."

ಪರೆಕುರಾ ಗರಿಯೊಂದನ್ನು ತೊಡೆಯ ಮೇಲಿಟ್ಟು ಬೆರಳಿಂದ ನೇವರಿಸಿ ನೇರ ಮಾಡಿದಳು.

"ಆ ಹಕ್ಕೀನ ಕೊನೇದರವರೆಗೂ ತಿಂದು ಮುಗಿಸಿದೋರು ಯಾರು? ನಮ್ಮ ಮುತ್ತಜ್ಜಂದಿರೇ ತಾನೇ? ಈಗ ಅದು ಊರೆದುರಿಗೆ ಬತ್ತಲೆ ನಿಂತಿದೆ. ಹೊದಿಸೋದು ನಮ್ಮ ಮನೆ ಕೆಲಸ, ಬೇರೆಯೋರದ್ದಲ್ಲ."

ಮೆರೆಯಾನಾ ಸಿಟ್ಟಿನಿಂದ ಎದ್ದು ಹೋಗಿದ್ದಳು. ತಂಗಿ ಆ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಚಳಿಗಾಲ ಚಳಿಗಾಲ ನೇಯ್ದಳು. ಊರಿಗೆ ಊರೇ ಹೋಗಿ ನೋಡಿ ಬಂತು. ಅಕ್ಕ ಹೋಗಲಿಲ್ಲ.

*

ಸಭಾಮನೆಯ ಹಿತ್ತಲ ಅಡುಗೆಮನೆಯಲ್ಲಿ ಗ್ರೇಮ್ ಅಂಗಿಯ ತೋಳು ಮಡಿಸಿ ದೊಡ್ಡ ಪಾತ್ರೆಯೊಂದನ್ನು ಉಜ್ಜುತ್ತಿದ್ದ. ಮ್ಯೂಸಿಯಂ ನೋಡಿಕೊಳ್ಳುವ ಬಿಳಿಯ. ಪರೆಕುರಾಳ ಜೊತೆ ಚಹಾ ಕುಡಿದು ಜಗಳವಾಡುತ್ತಲೇ ಮುದುಕನಾದವನು. ಮೆರೆಯಾನಾ ಬಂದು ಅವನ ಪಕ್ಕ ನಿಂತಳು. ಹಕ್ಕಿಯದಾದರೂ ತಮ್ಮ ಮನೆಯದೆಂದು ಉಳಿದದ್ದು ಅದೊಂದೇ ಶಾಲು, ಆದರೂ ಕೇಳುವುದು ಕಷ್ಟವಾಯಿತು.

"ಆ ಹಕ್ಕಿಯ ಮೈದು... ಬಿಚ್ಚೋಕೆ ಬರುತ್ತಾ?"

"ಬರದೇ ಏನು? ಬೆನ್ನಿನ ಮೇಲೆ ದಾರದ ಗಂಟು. ಬೇಸಿಗೆ ಬಂದ್ರೆ ಬಿಚ್ಚಿ ಬಿಸಿಲಿಗೆ ಹಾಕ್ತಿದ್ವಿ, ಹುಳ ಹಿಡೀಬಾರದು ಅಂತ." ಅಷ್ಟು ಹೇಳಿ ಉಜ್ಜುವುದನ್ನು ನಿಲ್ಲಿಸಿದ. ಅವಳ ಮುಖ ನೋಡಿದ. "ಇವತ್ತು ಶಾಲೆ ಮಕ್ಕಳ ಬಸ್ಸು ಬರುತ್ತೆ, ಅಕ್ಕ. ಮೋವಾ ತಂತಿ ಬಿಟ್ಕೊಂಡು ನಿಂತಿರುತ್ತೆ."

"ಒಂದು ದಿನ ನಿಂತಿರ್ಲಿ. ನನ್ನ ತಂಗಿ ಒಂದೇ ಸಲ ಹೋಗೋದು."

ಗ್ರೇಮ್ ಸೋಪು ಮೆತ್ತಿದ ಕೈ ಎತ್ತಿ ಹಿಡಿದ. "ಕಾರಿನ ಕೀಲಿ ಜೇಬಲ್ಲಿದೆ, ತೆಗೀರಿ."

*

ಪಾನಿಯಾ ಮತ್ತು ಗ್ರೇಮ್ ಅದನ್ನು ಹೊತ್ತು ತಂದಾಗ ಪೆಟ್ಟಿಗೆ ಎತ್ತುವ ಹೊತ್ತಾಗಿತ್ತು.

"ಏನು, ನಮ್ಮ ತಮ್ಮನ ಹೆಂಡ್ತೀನ ಮೋವಾ ಮಾಡಿ ಕಳಿಸ್ತೀರಾ?" ಎಂದ ತಮಾತಿ. ಹಿಂದೆ ಯಾರೋ ಕಿಸಕ್ಕೆಂದರು.

ಶಾಲು ಬಿಚ್ಚಿಕೊಂಡಿತು. ಕಂದುಗರಿಯ ರಾಶಿ ಒಂದೇ ಉಸಿರಿಗೆ ಹೊರಳಿದಂತೆ ಹರಡಿ, ಪೆಟ್ಟಿಗೆಯನ್ನು ಎದೆಯಿಂದ ಕೆಳಗೆ ಮುಚ್ಚಿ, ಚಾಪೆಯವರೆಗೂ ಇಳಿಯಿತು. ಹಕ್ಕಿಯ ಮೈಗೆ ಕತ್ತರಿಸಿದ್ದಲ್ಲ. ನೇರ ನೇಯ್ದ, ಮನುಷ್ಯರು ಹೊದೆಯುವ ಶಾಲೇ. ಕೆಳಗೆ, ಹಕ್ಕಿಯ ಹೊಟ್ಟೆಯಡಿಗೆ ಮಡಿಸಿಟ್ಟಿದ್ದ ಕಡೆ, ಒಂದು ಗೇಣಿನ ಅಂಚು: ಕಪ್ಪು, ಕೆಂಪು, ಬಿಳಿ ಮೆಟ್ಟಿಲುಗಳು ಹತ್ತಿ ಇಳಿದು ಮತ್ತೆ ಹತ್ತುತ್ತಿದ್ದವು.

ಮೆರೆಯಾನಾ ಮಂಡಿಯೂರಿದಳು. ಅವ್ವನ ಅಂಚು. ಅವ್ವ ಎಷ್ಟು ತಿದ್ದಿದರೂ ತನ್ನ ಕೈಗೆ ಹತ್ತದ ಅಂಚು. ಅವ್ವನ ಜೊತೆಗೇ ಮಣ್ಣಾಯಿತೆಂದು ಲೆಕ್ಕ ಹಾಕಿ, ಅತ್ತು ಮುಗಿಸಿದ್ದಳು. ಬೆರಳಾಡಿಸಿದಳು. ಎಲ್ಲಿಯೂ ಒಂದು ಎಳೆ ಸಡಿಲವಿರಲಿಲ್ಲ.

ತಮಾತಿಯೂ ಬಾಗಿ ನೋಡಿದ. ಆಮೇಲೆ ತನ್ನ ಶಾಲಿನ ತುದಿ ಹಿಡಿದು ಹಿಂದಕ್ಕೆಳೆಯತೊಡಗಿದ.

"ತೆಗೀಬೇಡಿ ಭಾವ," ಎಂದಳು ಮೆರೆಯಾನಾ. "ಕಾಲ ಮೇಲಿರ್ಲಿ. ಅವಳಿಗೆ ಕಾಲು ತಣ್ಣಗಾಗ್ತಿತ್ತು."

ಎದ್ದು ನಿಂತು ತಂಗಿಯ ಮುಖಕ್ಕೆ ಮುಖ ಕೊಟ್ಟಳು. "ಪರೆಕುರಾ, ಹಕ್ಕಿ ಬಟ್ಟೆ ಅಂದಿದ್ದೆ ನಾನು. ಬೈಯೋದಿದ್ರೆ ಈಗ ಎದ್ದು ಬೈ... ಏಳಲ್ವಾ? ಸರಿ. ಎಲ್ಲರೂ ನೋಡ್ರಪ್ಪ, ಕಣ್ಣು ಬಿಟ್ಟು ನೋಡಿ. ಇದು ನಮ್ಮ ಮನೆ ಕೈ!"

ಆಮೇಲೆ ಕೊರಳೆತ್ತಿ ಸತ್ತವರನ್ನು ಬೀಳ್ಕೊಡುವ ಕರೆ ಕೊಟ್ಟಳು. ಅದು ಹೊಳೆಯ ಆಚೆ ದಡಕ್ಕೂ ಕೇಳಿಸಿತು.

*

ಗುಡ್ಡದ ಮೇಲಿನ ಸ್ಮಶಾನದಲ್ಲಿ, ಪೆಟ್ಟಿಗೆ ಇಳಿಸುವ ಮೊದಲು ಎರಡೂ ಶಾಲುಗಳನ್ನು ಎತ್ತಿಕೊಂಡರು. ಎತ್ತುವಾಗ ಅಂಚು ಗುಂಡಿಯ ಹಳದಿ ಮಣ್ಣಿಗೆ ತಾಗಿತು.

ಗೇಟಿನ ಬಳಿ ಕೈ ತೊಳೆದ ಮೇಲೆ ಪಾನಿಯಾ ಕೇಳಿದಳು, "ಪೆಟಾರೀಲಿ ಇಡೋಣ್ವಾ ದೊಡ್ಡಮ್ಮ? ಇನ್ಮೇಲೆ ಮನೇಲೇ ಇರ್ಲಿ."

ಮೆರೆಯಾನಾ ಶಾಲನ್ನು ಅವಚಿಕೊಂಡು ಗ್ರೇಮ್‌ನ ಕಾರು ಹತ್ತಿದಳು. "ಅಲ್ಲೊಬ್ಬರು ಬತ್ತಲೆ ನಿಂತಿದ್ದಾರೆ. ಮೊದಲು ಅಲ್ಲಿಗೆ ನಡಿ."

ಮಕ್ಕಳ ಬಸ್ಸು ಹೋಗಿಯಾಗಿತ್ತು. ಮೋವಾದ ಕೊರಳಿಗೆ ಗ್ರೇಮ್ ಒಂದು ರಟ್ಟು ತೂಗುಹಾಕಿದ್ದ: 'ನನ್ನ ಶಾಲು ಊರ ಸಾವಿಗೆ ಹೋಗಿದೆ. ಬರುತ್ತೆ.' ಅದರ ಕೆಳಗೆ ತಂತಿಯ ಹೊಟ್ಟೆ, ಒಳಗೆ ತುರುಕಿದ ಹಳೆಯ ಪತ್ರಿಕೆಗಳು.

ಮೂಲೆಯಲ್ಲಿದ್ದ ತಂಗಿಯ ಕುರ್ಚಿಯನ್ನು ತಾನೇ ಎಳೆದುಕೊಂಡು, ಪಾನಿಯಾಳ ಭುಜ ಹಿಡಿದು ಮೆರೆಯಾನಾ ಮೇಲೆ ಹತ್ತಿದಳು. ಸ್ನಾನ ಮಾಡಿಸಿದ ಮಗುವಿಗೆ ಹೊದಿಸುವಂತೆ ಹಕ್ಕಿಯ ಬೆನ್ನಿನ ಮೇಲೆ ಶಾಲು ಸುತ್ತಿ, ಒಂದೊಂದಾಗಿ ಗಂಟು ಬಿಗಿದಳು. ಗ್ರೇಮ್ ಬ್ರಷ್ ಹಿಡಿದು, ಅಂಚಿನ ಮಣ್ಣು ಕೊಡವಲು ಬಂದ.

"ಇರ್ಲಿ ಬಿಡು," ಎಂದಳು.

ಕೆಳಗಿಳಿದು, ಹಕ್ಕಿಯ ಹೊಟ್ಟೆಯಡಿಗೆ ಮಡಿಚಿಕೊಳ್ಳುತ್ತಿದ್ದ ಅಂಚನ್ನು ಎಳೆದು ಹೊರಗೆ ಬಿಟ್ಟಳು. ಕಪ್ಪು, ಕೆಂಪು, ಬಿಳಿ ಮೆಟ್ಟಿಲುಗಳು ಹಳದಿ ಮಣ್ಣಿನ ಸಮೇತ ಬಾಗಿಲಿಗೆ ಎದುರಾಗಿ ನಿಂತವು.