ಚಿಕ್ಕನಿಂಗಮ್ಮನ ಬೂದಿ ಬೆರಳು

ಜ್ಯೋತಿಲಕ್ಷ್ಮಿ ಮೊದಲು ಕಂಡದ್ದು ಆ ಬೆರಳುಗಳನ್ನು. ಮುಖ ನೋಡಿದ್ದು ಆಮೇಲೆ. ಕೊಳ್ಳೇಗಾಲದ ನೇಕಾರರ ಬೀದಿಯ ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದ ಚಿಕ್ಕನಿಂಗಮ್ಮನ ಹೆಬ್ಬೆರಳೂ ತೋರುಬೆರಳೂ, ನಡುವೆ ಏನೂ ಇಲ್ಲದಿದ್ದರೂ, ಒಂದನ್ನೊಂದು ಹೊಸೆಯುತ್ತಲೇ ಇದ್ದವು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳ ಒಂದು ಹಾಸು ಮುಗಿದಾಗ ಉಳಿದ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸುವುದು, ಅಂದರೆ ಕೆಚ್ಚುವುದು, ನಲವತ್ತು ವರ್ಷ ಆಕೆಯ ಕಸುಬಾಗಿತ್ತು. ಮನೆಗೊಂದು ಮಗ್ಗವಿದ್ದ ಬೀದಿಯಲ್ಲಿ ಈಗ ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರ್. ಬೆರಳುಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಲೊಕ್ಕನಹಳ್ಳಿಯಿಂದ ಬಂದು ಬಿ.ಕಾಂ. ಮುಗಿಸಿದ್ದ ಜ್ಯೋತಿಲಕ್ಷ್ಮಿ, ನೇಯ್ಗೆ ನಿಲ್ಲಿಸಿದ ಮನೆಯೊಂದರ ಮಗ್ಗ ಕೊಂಡು, ನೇಯಲು ಬೀದಿಯ ಹಳೇ ನೇಕಾರ ಮಾದಣ್ಣನನ್ನು ಒಪ್ಪಿಸಿದ್ದಳು. ಮೊದಲ ಆರ್ಡರು ಯಳಂದೂರಿನ ಮದುವೆ ಸೀರೆ, ಗಡುವು ಇಪ್ಪತ್ತೇ ದಿನ. ಕೆಚ್ಚಲು ಬಂದ ಚಿಕ್ಕನಿಂಗಮ್ಮ ಮಗ್ಗದ ಮುಂದೆ ನಿಂತವಳು ನಿಂತೇಬಿಟ್ಟಳು.

“ಅಳೇ ತುದಿ ಎಲ್ಲದವ್ವಾ?”

“ದೂಳ್ ಇಡ್ದಿತ್ತು ಅಜ್ಜಿ, ಕತ್ರಿಸಿ ಕ್ಲೀನ್ ಮಾಡ್ದಿ.”

“ಕ್ಲೀನಾ? ತಲೆ ಬೋಳ್ಸು ಅಂದ್ರೆ ತಲೇನೇ ತಗದ್ಬುಟ್ಟಲ್ಲೇ! ಓದ್ದೋಳಂತೆ, ಓದ್ದೋಳು!”

ಇನ್ನು ನಾಲ್ಕು ಸಾವಿರ ಎಳೆಗಳನ್ನೂ ಮಗ್ಗದ ಕುಣಿಕೆಗಳಿಗೆ, ಬಾಚಣಿಗೆಯಂಥ ಹಣಿಗೆಗೆ ಹೊಸದಾಗಿ ಪೋಣಿಸಬೇಕು. ಅದನ್ನು ಬಲ್ಲವರು ಬೀದಿಯಲ್ಲಿ ಉಳಿದಿರಲಿಲ್ಲ. ಎಡಗಾಲನ್ನು ತುಸು ಎಳೆಯುತ್ತ ಹೊರಟುಹೋದ ಮುದುಕಿ ಮರಳಿದಾಗ ಕಂಕುಳಲ್ಲಿ ಹಳೆ ಪಂಚೆಯ ಗಂಟಿತ್ತು. ಒಳಗೆ ಹಣಿಗೆ, ಕುಣಿಕೆ, ಅವುಗಳಲ್ಲಿ ಹಾಯ್ದ ಗೇಣುದ್ದದ ಕೆಂಪು ರೇಷ್ಮೆ: ತೀರಿಕೊಂಡ ಗಂಡನ ಮಗ್ಗ ಮಾರಿದ ದಿನ ಬಿಚ್ಚಿಟ್ಟುಕೊಂಡದ್ದು. ಆಗಲೇ ಎಳೆ ಪೋಣಿಸಿರುವ ಇದನ್ನು ಮಗ್ಗಕ್ಕೆ ಕಟ್ಟಿ ಹೊಸ ಎಳೆಗಳನ್ನು ಈ ತುದಿಗೆ ಕೆಚ್ಚಿದರೆ ಸಾಕು; ಆದರೆ ನೇಯುತ್ತ ಹೋದಂತೆ ಆ ಕೆಂಪು ಮುಂದೆ ಸರಿದು ಕತ್ತರಿಗೆ ಹೋಗುತ್ತದೆ.

“ಬ್ಯಾಡ ಅಜ್ಜಿ, ತಾತಂದು...”

“ಅಟ್ಟದಲ್ಲಿ ಮಡೀಕಂಡು ಉಪ್ಪಿನ್‌ಕಾಯಿ ಆಕ್ಲಾ? ಬೂದಿ ತತ್ತಾ, ಓಗು!”

ಎರಡು ದಿನ ಆ ಬೆರಳುಗಳ ಓಟಕ್ಕೆ ನೋಡುವವರ ಕಣ್ಣುಗಳೇ ಸೋತವು. ಮೂರನೆಯ ಬೆಳಿಗ್ಗೆ ಮಾದಣ್ಣ ಲಾಳಿ ಓಡಿಸಿದ. ಟಕ್ಕಟಕ, ಟಕ್ಕಟಕ! ಮೊಬೈಲ್ ಅಂಗಡಿಯವರು ಗಿರಾಕಿಯನ್ನು ಬಿಟ್ಟು ಓಡಿಬಂದರು. ಪಾರ್ಲರಿನಿಂದ ಅರ್ಧ ಹುಬ್ಬು ತೀಡಿಸಿಕೊಂಡವಳೊಬ್ಬಳು ಇಣುಕಿದಳು. ಜ್ಯೋತಿಲಕ್ಷ್ಮಿ ಅಜ್ಜಿಯನ್ನು ತಬ್ಬಿ ಕುಣಿದೇ ಕುಣಿದಳು.

“ಬುಡೇ, ಎಲಡ್ಕೆ ಉಗೀಬೇಕು!” ಎಂದು ಬಿಡಿಸಿಕೊಂಡು ಹೊರಗೆ ಹೋದವಳು, ಉಗಿದು ಬರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಕಸುಬು ಸತ್ತಿತೆಂದು ಊರೆಲ್ಲ ಹೇಳಿದ ಮೇಲೂ, ಇಂಥವರ ಅಟ್ಟದಲ್ಲಿ ಒಂದು ಗೇಣು ತುದಿ ಉಳಿದಿರುತ್ತದೆ. ಕೇಳಿದವರಿಗೆ ಅವರು ಅದನ್ನು ಬೈಯುತ್ತಲೇ ಕೊಡುತ್ತಾರೆ. ಬೀದಿಯಲ್ಲಿ ಈಗ ಮೂರು ಮಗ್ಗಗಳಿವೆ. ಹಾಸು ಮುಗಿದಲ್ಲೆಲ್ಲ ಚಿಕ್ಕನಿಂಗಮ್ಮ ಹೋಗಿ ಕೆಚ್ಚುತ್ತಾಳೆ. ಮೂರು ಮನೆಯ ಕತ್ತರಿಗಳೂ ಅವಳ ಸೊಂಟದಲ್ಲೇ ಇರುತ್ತವೆ.